ದೇಶ ಬಿಡುವವರ ದೂರವಾಣಿ ಕರಾರು

ಉದ್ಯೋಗದ ನಿಮಿತ್ತವಾಗಿಯೋ ವಿದ್ಯಾಭ್ಯಾಸದ ನಿಮಿತ್ತವಾಗಿಯೋ ಜರ್ಮನಿಗೆ ಹೋಗಿ ನೆಲೆಸುವ ಕನ್ನಡಿಗನು ಅಲ್ಲಿ ಮೊದಮೊದಲು ಸಹಿ ಹಾಕುವ ಪತ್ರಗಳಲ್ಲಿ ಮನೆಯ ಬಾಡಿಗೆಪತ್ರ ಒಂದಾದರೆ, ಮೊಬೈಲ್ ದೂರವಾಣಿಯ ಕರಾರು ಸಾಮಾನ್ಯವಾಗಿ ಇನ್ನೊಂದು. ಸ್ಟುಟ್‌ಗಾರ್ಟಿನ ಬಾಷ್, ವಾಲ್ಡಾರ್ಫಿನ ಎಸ್‌ಎಪಿ ಮೊದಲಾದ ಸಂಸ್ಥೆಗಳು ಬೆಂಗಳೂರಿನಲ್ಲಿಯೂ ವಿಶಾಲವಾದ ಕಾರ್ಯಾಲಯಗಳನ್ನು ಹೊಂದಿರುವುದರಿಂದ, ಒಂದೆರಡು ವರ್ಷಗಳ ಮಟ್ಟಿಗೆ ಅಲ್ಲಿಗೆ ತೆರಳಿ ಮರಳುವವರ ಸಂಚಾರ ನಮ್ಮಲ್ಲಿ ನಿರಂತರವಾಗಿ ನಡೆದಿದೆ. ವಹಿಸಿಕೊಂಡ ಕೆಲಸ ನಿರೀಕ್ಷೆಗೆ ಮೊದಲೇ ಮುಗಿಯಬಹುದು. ಊರಿನಲ್ಲಿ ತಂದೆತಾಯಿಗಳ ಆರೋಗ್ಯ ಕೆಡಬಹುದು. ಇಲ್ಲವೆ ಬೇರೊಂದು ದೇಶದಿಂದ ಉತ್ತಮತರವಾದ ಕರೆ ಬರಬಹುದು. ಹೊರಡುವ ದಿನ ಹೀಗೆ ಥಟ್ಟನೆ ನಿಶ್ಚಯವಾದಾಗ ಬಾಡಿಗೆಪತ್ರದ ನೆನಪು ಎಲ್ಲರಿಗೂ ಆಗುತ್ತದೆ, ಏಕೆಂದರೆ ಅದರಲ್ಲಿ ಮುಂಗಡದ ಹಣ ಸಿಕ್ಕಿಕೊಂಡಿದೆ. ದೂರವಾಣಿಯ ಕರಾರಿನ ನೆನಪಾಗುವುದು ಮಾತ್ರ ವಿಮಾನ ಹತ್ತಿದ ಮೇಲೆ.

ಆ ಕರಾರಿನ ಅವಧಿ ಸಾಧಾರಣವಾಗಿ 24 ತಿಂಗಳು. ಕಾನೂನು ಅನುಮತಿಸುವ ಗರಿಷ್ಠ ಪ್ರಥಮಾವಧಿಯೂ ಅಷ್ಟೇ. ಬೆಲೆಬಾಳುವ ದೂರವಾಣಿ ಯಂತ್ರವೊಂದನ್ನು ಅತ್ಯಲ್ಪ ಮೊತ್ತಕ್ಕೆ ಕೈಗಿತ್ತು, ಅದರ ಉಳಿದ ಬೆಲೆಯನ್ನು ತಿಂಗಳ ಶುಲ್ಕದೊಡನೆ ಕಂತುಕಂತಾಗಿ ಪಡೆದುಕೊಳ್ಳುವ ವ್ಯವಸ್ಥೆ ಇದಾದುದರಿಂದ ದೀರ್ಘಾವಧಿಯಲ್ಲಿ ಕಂಪನಿಗಳಿಗೆ ಸಹಜವಾಗಿಯೇ ಆಸಕ್ತಿ. ಹನ್ನೆರಡು ತಿಂಗಳ ಕರಾರೊಂದನ್ನೂ ಗ್ರಾಹಕರ ಮುಂದಿಡತಕ್ಕದ್ದೆಂದು ಕಾನೂನು ವಿಧಿಸಿದೆಯಾದರೂ, ಕೇಳಿ ಪಡೆಯುವವರು ವಿರಳ. 2021ರ ಡಿಸೆಂಬರ್ 1ರಂದು ಜಾರಿಗೆ ಬಂದ ದೂರಸಂಪರ್ಕ ಅಧಿನಿಯಮವು ಒಂದು ಹಳೆಯ ಪೀಡೆಯನ್ನು ಮಾತ್ರ ನಿವಾರಿಸಿತು: ಪ್ರಥಮಾವಧಿ ಕಳೆದ ಬಳಿಕ ಕರಾರು ತಾನಾಗಿಯೇ ಮುಂದುವರಿದಿದ್ದರೆ, ಒಂದು ತಿಂಗಳ ಸೂಚನೆ ಕೊಟ್ಟು ಯಾವಾಗ ಬೇಕಾದರೂ ಅದನ್ನು ಕೊನೆಗಾಣಿಸಬಹುದು. ಅದಕ್ಕೆ ಮೊದಲು, ಸಕಾಲದಲ್ಲಿ ಪತ್ರ ಬರೆಯಲು ಮರೆತವನು ಮತ್ತೊಂದು ವರ್ಷದ ಬಂಧನಕ್ಕೆ ಒಳಗಾಗುವುದು ಸಾಮಾನ್ಯವಾಗಿತ್ತು.

ಪ್ರಥಮಾವಧಿಯ ನಡುವೆಯೇ ದೇಶ ಬಿಡಬೇಕಾದವನ ಪಾಡೇನು? ಇದಕ್ಕೆ ಉತ್ತರ ತಿಳಿಯಬೇಕಾದರೆ ಜರ್ಮನಿಯ ಒಕ್ಕೂಟದ ಸರ್ವೋಚ್ಚ ನ್ಯಾಯಾಲಯವು 2010ರ ನವೆಂಬರ್ 11ರಂದು ಕೊಟ್ಟ ತೀರ್ಪೊಂದನ್ನು ಸ್ಮರಿಸಬೇಕು. 2007ರಲ್ಲಿ ಎರಡು ವರ್ಷಗಳ ಇಂಟರ್ನೆಟ್ ಕರಾರು ಮಾಡಿಕೊಂಡಿದ್ದ ಗ್ರಾಹಕನೊಬ್ಬನು ಕೆಲವೇ ತಿಂಗಳುಗಳಲ್ಲಿ ಅದೇ ಜಿಲ್ಲೆಯ ಮತ್ತೊಂದು ಊರಿಗೆ ವಾಸ್ತವ್ಯ ಬದಲಿಸಿದನು. ಆ ಊರಿಗೆ ಡಿಎಸ್‌ಎಲ್ ತಂತಿಯೇ ಇರಲಿಲ್ಲ; ಸೇವೆ ಕೊಡಲು ಕಂಪನಿಗೆ ಸಾಧ್ಯವೇ ಇರಲಿಲ್ಲ. ಆದರೂ ಅವಧಿ ಮುಗಿಯುವವರೆಗೆ ಶುಲ್ಕ ತೆರತಕ್ಕದ್ದೆಂದೇ ನ್ಯಾಯಾಲಯ ನಿರ್ಣಯಿಸಿತು. ದೀರ್ಘಾವಧಿಯ ಕರಾರಿನಿಂದ ದೊರೆಯುವ ಅಗ್ಗದ ದರದ ಲಾಭವನ್ನು ಪಡೆದವನು, ತನ್ನ ಜೀವನಸನ್ನಿವೇಶ ಬದಲಾಗುವ ಅಪಾಯವನ್ನೂ ತಾನೇ ಹೊರಬೇಕು. ಮನೆ ಬದಲಾಯಿಸುವುದು ಗ್ರಾಹಕನ ಕೈಯಲ್ಲಿರುವ ವಿಷಯ, ಕಂಪನಿಯದಲ್ಲ ಎಂಬುದು ಅದರ ವಾದಸರಣಿ. ತರ್ಕದೃಷ್ಟಿಯಿಂದ ನೋಡಿದರೆ ಇದರಲ್ಲಿ ಲೋಪ ಕಾಣುವುದು ಕಷ್ಟ. ಆದರೆ ಬಳಸಲಾಗದ ವಸ್ತುವಿಗಾಗಿ ತಿಂಗಳು ತಿಂಗಳೂ ಹಣ ತೆರುವ ಸಾಮಾನ್ಯ ಸಂಸಾರಿಯ ಮನಸ್ಸಿಗೆ ಇದು ನ್ಯಾಯವೆಂದು ತೋರುವುದೂ ಅಷ್ಟೇ ಕಷ್ಟ. ಶಾಸನಸಭೆಗೂ ಹಾಗೆಯೇ ತೋರಿರಬೇಕು. 2012ರಲ್ಲಿ ಅದು ಕಾನೂನನ್ನು ತಿದ್ದಿ, ಹೊಸ ವಾಸಸ್ಥಳದಲ್ಲಿ ಸೇವೆ ಲಭ್ಯವಿಲ್ಲದಿದ್ದರೆ ಮೂರು ತಿಂಗಳ ಸೂಚನೆಯಿಂದ ಕರಾರು ರದ್ದುಮಾಡುವ ಅಧಿಕಾರವನ್ನು ಗ್ರಾಹಕನಿಗೆ ಕೊಟ್ಟಿತು. 2021ರ ಅಧಿನಿಯಮದ 60ನೆಯ ಪ್ರಕರಣವು ಆ ಮೂರು ತಿಂಗಳನ್ನು ಒಂದು ತಿಂಗಳಿಗೆ ಇಳಿಸಿತಲ್ಲದೆ, ಮನೆ ಬಿಡುವ ದಿನದಿಂದಲೇ ರದ್ದತಿ ಜಾರಿಗೆ ಬರುವಂತೆ ಮುಂಚಿತವಾಗಿ ಬರೆದುಕೊಳ್ಳಲು ಅವಕಾಶ ಕಲ್ಪಿಸಿತು.

ಮನೆಯ ಇಂಟರ್ನೆಟ್ ಸಂಪರ್ಕದ ವಿಷಯದಲ್ಲಿ ಈ ಪ್ರಕರಣವು ಭದ್ರವಾದ ಆಧಾರ. ಬೆಂಗಳೂರಿಗೆ ಹಿಂದಿರುಗುವವನ ಹೊಸ ಮನೆಗೆ ಜರ್ಮನಿಯ ಕಂಪನಿ ತಂತಿ ಎಳೆಯಲಾರದಷ್ಟೆ. ಮೊಬೈಲ್ ಕರಾರಿನ ವಿಷಯ ಇಷ್ಟು ಸರಳವಲ್ಲ. ಮೊಬೈಲ್ ಸೇವೆ ಯಾವ ಮನೆಗೂ ಕಟ್ಟುಬಿದ್ದುದಲ್ಲ, ಆದಕಾರಣ ವಾಸ್ತವ್ಯ ಬದಲಿಸಿದರೆಂಬ ಕಾರಣವೇ ಅಲ್ಲಿ ಹುಟ್ಟುವುದಿಲ್ಲವೆಂದು ಕಂಪನಿಗಳು ವಾದಿಸುವುದುಂಟು. ನನ್ನ ಅಭಿಪ್ರಾಯದಲ್ಲಿ ಈ ವಾದವು ನಿಲ್ಲತಕ್ಕದ್ದಲ್ಲ. ಒಂದು ದೇಶದ ಜಾಲದ ಮೇಲೆ ಬಳಸುವುದಕ್ಕೆಂದು ಕೊಂಡ ಸೇವೆಯು ಏಳು ಸಾವಿರ ಕಿಲೋಮೀಟರ್ ದೂರದಲ್ಲಿ ನಿತ್ಯೋಪಯೋಗಕ್ಕೆ ಒದಗದೆಂಬುದು, ತಂತಿಯಿಲ್ಲದ ಊರಿನಲ್ಲಿ ಇಂಟರ್ನೆಟ್ ಒದಗದೆಂಬುದರಷ್ಟೇ ಸ್ಪಷ್ಟವಾದ ಸಂಗತಿ. ಶಾಸನಸಭೆಯು ಮೊಬೈಲನ್ನು ಹೆಸರಿಸಿಯೇ ಈ ಸಂದೇಹವನ್ನು ನೀಗಿಸಬೇಕಾಗಿತ್ತು. ಅದಾಗುವವರೆಗೆ, ಕೇಳುವುದರಿಂದ ನಷ್ಟವಿಲ್ಲ: 60ನೆಯ ಪ್ರಕರಣವನ್ನು ಉಲ್ಲೇಖಿಸಿ, ದೇಶ ಬಿಡುತ್ತಿರುವ ಪುರಾವೆಯೊಡನೆ ಬರೆದ ಪತ್ರಕ್ಕೆ ಸೌಜನ್ಯದಿಂದ ಒಪ್ಪುವ ಕಂಪನಿಗಳೂ ಇವೆ. ಯಂತ್ರದ ಬಾಕಿ ಕಂತುಗಳು ಮಾತ್ರ ಬೇರೆಯ ಲೆಕ್ಕ. ಯಂತ್ರ ನಮ್ಮೊಡನೆ ಬರುವುದರಿಂದ ಅದರ ಬೆಲೆಯನ್ನು ಸಲ್ಲಿಸುವುದೇ ಧರ್ಮ.

ಪುರಾವೆಯೆಂದರೆ ನಗರ ಕಾರ್ಯಾಲಯವು ಕೊಡುವ ನಿರ್ಗಮನ ಪತ್ರ. ಅಲ್ಲಿಯ ನಮ್ಮವರು ಇದನ್ನು ಜರ್ಮನ್ ಹೆಸರಿನಿಂದಲೇ ‘ಅಪ್‌ಮೆಲ್ಡುಂಗ್’ ಎನ್ನುತ್ತಾರೆ. ಇಲ್ಲೊಂದು ತೊಡಕಿದೆ, ಅನೇಕರು ಎಡವುವುದು ಇಲ್ಲಿಯೇ. ಈ ನೋಂದಣಿಯನ್ನು ಮನೆ ಬಿಡುವುದಕ್ಕೆ ಒಂದು ವಾರಕ್ಕಿಂತ ಮುಂಚೆ ಮಾಡಿಸಲು ಬರುವುದಿಲ್ಲ. ಬಿಟ್ಟ ಎರಡು ವಾರಗಳೊಳಗೆ ಮಾಡಿಸದೆ ಇರುವಂತಿಲ್ಲ. ಕರಾರಿನ ಸೂಚನೆಯಾದರೋ ಒಂದು ತಿಂಗಳ ಮೊದಲೇ ತಲುಪಬೇಕು. ಪತ್ರ ಕೈಗೆ ಬರಲೆಂದು ಕಾದು ಕುಳಿತವನು ಒಂದು ತಿಂಗಳ ಶುಲ್ಕವನ್ನು ವೃಥಾ ತೆರುತ್ತಾನೆ. ಆದ್ದರಿಂದ ಮೊದಲು ಸೂಚನೆಯನ್ನು ಕಳುಹಿಸಿ, ನಿರ್ಗಮನ ಪತ್ರವು ತರುವಾಯ ಬರುವುದೆಂದು ಅದರಲ್ಲಿಯೇ ತಿಳಿಸಿ, ಸದ್ಯಕ್ಕೆ ಉದ್ಯೋಗದಾತರ ಪತ್ರವನ್ನೋ ಹೊಸ ವಿಳಾಸದ ದಾಖಲೆಯನ್ನೋ ಲಗತ್ತಿಸುವುದು ವಿವೇಕ. ಸೂಚನೆಗೆ ಇ-ಮೇಲ್ ಸಾಕು. 2022ರ ಜುಲೈ 1ರಿಂದ, ಅಂತರ್ಜಾಲದಲ್ಲಿ ಇಂಥ ಕರಾರುಗಳನ್ನು ಮಾಡಿಸಿಕೊಳ್ಳುವ ಕಂಪನಿಗಳು ರದ್ದುಮಾಡುವ ಗುಂಡಿಯನ್ನೂ ಅಲ್ಲಿಯೇ ಇಡತಕ್ಕದ್ದೆಂಬ ನಿಯಮವಿದೆ. ದೂರವಾಣಿಯಲ್ಲಿ ಬಾಯಿಮಾತಿನಿಂದ ಹೇಳಿ, ‘ಆಯಿತು’ ಎಂಬ ಉತ್ತರವನ್ನು ನಂಬಿ ಹೊರಟುಬಿಡುವುದು ಸರ್ವಥಾ ಸಲ್ಲದು. ಕಂಪನಿಯ ಲಿಖಿತ ದೃಢೀಕರಣ ಕೈಸೇರಬೇಕು.

ಕಂಪನಿ ಒಪ್ಪದಿದ್ದರೆ ಬೇರೆ ಮಾರ್ಗಗಳಿಲ್ಲದೆ ಇಲ್ಲ. ಕರಾರನ್ನು ಸ್ನೇಹಿತನೊಬ್ಬನ ಹೆಸರಿಗೆ ವರ್ಗಾಯಿಸಬಹುದು, ಅದಕ್ಕೆ ಕಂಪನಿಯ ಸಮ್ಮತಿ ಬೇಕು. ಬಾಕಿ ತಿಂಗಳುಗಳಿಗೆ ಒಂದು ಮೊತ್ತವನ್ನು ಗೊತ್ತುಪಡಿಸಿಕೊಂಡು ಒಮ್ಮೆಗೇ ತೀರಿಸಬಹುದು. ನೆರೆಯ ಆಸ್ಟ್ರಿಯಕ್ಕೋ ಫ್ರಾನ್ಸಿಗೋ ಹೋಗುವವರು, ಯೂರೋಪಿನ ಒಕ್ಕೂಟದಲ್ಲಿ 2017ರ ಜೂನ್ 15ರಿಂದ ಪರದೇಶದ ಹೆಚ್ಚುವರಿ ಶುಲ್ಕ ರದ್ದಾಗಿದೆಯೆಂದು ಧೈರ್ಯ ತಾಳುವುದುಂಟು. ಆದರೆ ಆ ಸೌಕರ್ಯ ಪ್ರವಾಸಿಗಳಿಗೆ ಮೀಸಲು. ನಾಲ್ಕು ತಿಂಗಳ ಬಳಕೆಯನ್ನು ನೋಡಿ, ಗ್ರಾಹಕನು ಹೆಚ್ಚಾಗಿ ಹೊರಗೇ ಇದ್ದಾನೆಂದು ಕಂಡುಬಂದರೆ, ಎಚ್ಚರಿಸಿ ಹೆಚ್ಚುವರಿ ಶುಲ್ಕ ವಿಧಿಸುವ ಹಕ್ಕು ಕಂಪನಿಗೆ ಉಂಟು. ಸಂಖ್ಯೆಯನ್ನು ಉಳಿಸಿಕೊಳ್ಳಬೇಕೆನ್ನುವವರು, ಕರಾರು ನಡೆಯುತ್ತಿರುವಾಗಲೇ ಅದನ್ನು ಬೇರೊಂದು ಕಂಪನಿಯ ಪ್ರೀಪೇಯ್ಡ್ ಸಿಮ್‌ಗೆ ಶುಲ್ಕವಿಲ್ಲದೆ ವರ್ಗಾಯಿಸಿಕೊಳ್ಳಬಹುದು. ಇದರಿಂದ ಕರಾರು ಮಾತ್ರ ಮುಗಿಯುವುದಿಲ್ಲವೆಂಬುದನ್ನು ಮರೆಯಲಾಗದು.

ಇಷ್ಟೆಲ್ಲ ಶ್ರಮವೇಕೆ, ಬ್ಯಾಂಕ್ ಖಾತೆಯನ್ನು ಮುಚ್ಚಿ ಹೊರಟುಬಿಟ್ಟರೆ ಯಾರು ಬೆನ್ನಟ್ಟಿ ಬರುತ್ತಾರೆ ಎಂದು ಎಣಿಸುವ ಯುವಕರಿದ್ದಾರೆ. ಅವರ ವಿಷಯದಲ್ಲಿ ನನಗೆ ವ್ಯಥೆಯಾಗುತ್ತದೆ. ಹಣ ಜಮೆಯಾಗದೆ ಹಿಂದಿರುಗಿದೊಡನೆ ಎಚ್ಚರಿಕೆಯ ಪತ್ರಗಳು ಹೊರಡುತ್ತವೆ. ಅವು ಹೋಗುವುದು ಖಾಲಿಯಾದ ಹಳೆಯ ಮನೆಗೆ. ಎರಡು ಬಾರಿ ಲಿಖಿತವಾಗಿ ಎಚ್ಚರಿಸಿದ ಬಳಿಕ ಬಾಕಿಯು ಶೂಫಾ ಎಂಬ ಸಾಲಯೋಗ್ಯತೆಯ ದಾಖಲೆಸಂಸ್ಥೆಯ ಕಡತವನ್ನು ಸೇರಬಹುದು. 1927ರಲ್ಲಿ ಬರ್ಲಿನ್ನಿನಲ್ಲಿ ಆರಂಭವಾದ ಈ ಸಂಸ್ಥೆಯ ವರದಿಯನ್ನು ನೋಡದೆ ಜರ್ಮನಿಯಲ್ಲಿ ಮನೆ ಬಾಡಿಗೆಗೆ ಕೊಡುವವರು ಕಡಿಮೆ. ಸಾಮಾನ್ಯ ಬಾಕಿಯ ಕಾಲಮಿತಿ ಆ ವರ್ಷದ ಕೊನೆಯಿಂದ ಮೂರು ವರ್ಷವಾದರೂ, ನ್ಯಾಯಾಲಯದ ಮೂಲಕ ಸ್ಥಿರಪಟ್ಟ ಬಾಕಿಯ ಆಯುಸ್ಸು 30 ವರ್ಷ. ಇಪ್ಪತ್ತೈದರ ವಯಸ್ಸಿನಲ್ಲಿ ಬಿಟ್ಟುಬಂದ ಸಣ್ಣ ಮೊತ್ತವು, ನಲವತ್ತರಲ್ಲಿ ಸಂಸಾರಸಮೇತನಾಗಿ ಮತ್ತೆ ಅಲ್ಲಿಗೆ ಹೋದವನನ್ನು ಬಡ್ಡಿ, ವೆಚ್ಚಗಳೊಡನೆ ಎದುರುಗೊಳ್ಳಬಹುದು. ಖಾತೆಯನ್ನು ಮುಚ್ಚಬೇಕಾದುದು ಕೊನೆಯ ಬಿಲ್ಲು ಸಂದಾಯವಾದ ಮೇಲೆ.

ಕರ್ನಾಟಕದಿಂದ ಹೊರಡುವವರಿಗೆ ಸಮಸ್ಯೆ ತಲೆಕೆಳಗಾಗಿ ಒದಗುತ್ತದೆ. ನಮ್ಮಲ್ಲಿ ಬಹುಮಂದಿಯನ್ನು ಅವಧಿ ಬಂಧಿಸುವುದಿಲ್ಲ. ಆದರೆ ಬ್ಯಾಂಕು, ಆಧಾರ್, ತೆರಿಗೆ ಎಲ್ಲದರ ಓಟಿಪಿ ಬರುವುದು ಆ ಒಂದು ಸಂಖ್ಯೆಗೆ. ಪೋಸ್ಟ್‌ಪೇಯ್ಡ್ ಸಂಪರ್ಕವನ್ನು ಹೊರಡುವ ಮುನ್ನ ಪ್ರೀಪೇಯ್ಡಿಗೆ ಬದಲಿಸಿಕೊಂಡು, ರೋಮಿಂಗಿನಲ್ಲಿ ಸಂದೇಶಗಳು ಬರುವುದನ್ನು ಖಚಿತಪಡಿಸಿಕೊಂಡು, ರೀಚಾರ್ಜು ತಪ್ಪದಂತೆ ನೋಡಿಕೊಳ್ಳಲು ಮನೆಯವರಿಗೆ ಹೇಳಿಹೋಗಬೇಕು.

ಜರ್ಮನಿಯ ಕಂಪನಿಯೊಡನೆ ವಿವಾದ ಬಗೆಹರಿಯದಿದ್ದರೆ ಅಲ್ಲಿಯ ಬಾನ್ ನಗರದಲ್ಲಿರುವ ಒಕ್ಕೂಟದ ಜಾಲ ನಿಯಂತ್ರಣ ಸಂಸ್ಥೆಯ ಮಧ್ಯಸ್ಥಿಕೆಯನ್ನು ಶುಲ್ಕವಿಲ್ಲದೆ ಕೋರಬಹುದು; ಹದಿನಾರು ರಾಜ್ಯಗಳಲ್ಲಿಯೂ ಗ್ರಾಹಕರ ಸಲಹಾ ಕೇಂದ್ರಗಳಿವೆ. ಆದರೆ ಊರಿಗೆ ಮರಳಿದವನಿಗೆ ಹಳೆಯ ವಿಳಾಸಕ್ಕೆ ಬಂದ ಜರ್ಮನ್ ಪತ್ರವೊಂದನ್ನು ಒಡೆದು, ಓದಿ, ಅರ್ಥ ತಿಳಿಸುವವರು ಬೇಕಲ್ಲ! ಮ್ಯೂನಿಕ್, ಸ್ಟುಟ್‌ಗಾರ್ಟ್, ಬರ್ಲಿನ್ ಮೊದಲಾದೆಡೆಗಳಲ್ಲಿ ಬಹುಕಾಲದಿಂದ ನೆಲೆಸಿರುವ ಕನ್ನಡ ಕುಟುಂಬಗಳು, ದೇಶ ಬಿಡುವ ಕಿರಿಯರಿಗೆ ಕೆಲವು ತಿಂಗಳ ಮಟ್ಟಿಗೆ ತಮ್ಮ ವಿಳಾಸವನ್ನು ಕೊಟ್ಟು, ಅವರ ಪತ್ರಗಳನ್ನು ಬರಮಾಡಿಕೊಂಡು ನೋಡಿಕೊಳ್ಳಬೇಕೆಂದು ನಾನು ಮನಃಪೂರ್ವಕವಾಗಿ ಕೇಳಿಕೊಳ್ಳುತ್ತೇನೆ.