ಹಲ್ಲಿ ಎಂದರೂ ಹಳ್ಳಿ ಎಂದು ಬರೆಯುವ ಫೋನು

ಕನ್ನಡ ಕಲಿಯುತ್ತಿರುವ ಹಿಂದಿ ಭಾಷಿಕರೊಬ್ಬರು ಫೋನಿನ ವಾಯ್ಸ್ ಟೈಪಿಂಗ್ ಒತ್ತಿ, 'ನಮ್ಮ ಅಜ್ಜಿ ಹಲ್ಲಿಯಲ್ಲಿ ಇದ್ದಾರೆ' ಎಂದರು ಅಂದುಕೊಳ್ಳಿ. ನಾಲಿಗೆ ಮಡಚದೆ ಹೊರಟ ಆ 'ಲ್ಲಿ'ಯನ್ನು ಕೇಳಿಯೂ ಫೋನು 'ಹಳ್ಳಿಯಲ್ಲಿ' ಎಂದೇ ಬರೆಯುವ ಸಂಭವ ಹೆಚ್ಚು. ತಮ್ಮ ಉಚ್ಚಾರ ಸರಿಹೋಯಿತೆಂದು ಅವರಿಗೆ ಖುಷಿಯಾಗುತ್ತದೆ. ಆದರೆ ಅವರ 'ಳ' ಇದ್ದಲ್ಲೇ ಇದೆ, ತಿದ್ದಿದ್ದು ತಂತ್ರಾಂಶ.

ಮಾತನ್ನು ಬರಹಕ್ಕಿಳಿಸುವ ತಂತ್ರಾಂಶ ಕಿವಿಗೆ ಬಿದ್ದ ಸದ್ದನ್ನಷ್ಟೇ ನಂಬುವುದಿಲ್ಲ. ಯಾವ ಪದದ ಪಕ್ಕ ಯಾವ ಪದ ಬರುವುದು ಸಹಜ ಎಂಬುದನ್ನೂ ಅದು ಅಪಾರ ಮಾದರಿಗಳಿಂದ ಕಲಿತಿರುತ್ತದೆ. 2022ರಲ್ಲಿ ಓಪನ್‌ಎಐ ಬಿಡುಗಡೆ ಮಾಡಿದ ವಿಸ್ಪರ್ ಎಂಬ ಇಂಥ ತಂತ್ರಾಂಶವನ್ನು ಹಲವು ಭಾಷೆಗಳ 6,80,000 ಗಂಟೆಗಳ ಧ್ವನಿಯಿಂದ ಪಳಗಿಸಲಾಗಿತ್ತು. ಹೀಗೆ ಪಳಗಿದ ಯಂತ್ರ ಅಸ್ಪಷ್ಟವಾಗಿ ಕೇಳಿದ್ದನ್ನು ಸಂದರ್ಭ ನೋಡಿ ತುಂಬಿಕೊಳ್ಳುತ್ತದೆ. ಪತ್ರ ಬರೆಸುವವರಿಗೆ ಇದು ದೊಡ್ಡ ಉಪಕಾರ. ಉಚ್ಚಾರ ಅಳೆಯಬೇಕಾದವರಿಗೆ ಇದೇ ತೊಡಕು: ಯಂತ್ರ ಎಷ್ಟು ಜಾಣವಾಗುತ್ತದೋ ಕಲಿಯುವವರ ತಪ್ಪು ಅಷ್ಟೇ ಚೆನ್ನಾಗಿ ಮುಚ್ಚಿಹೋಗುತ್ತದೆ.

ಹಾಗೆಂದು ಬರಹದ ಮೂಲಕ ಉಚ್ಚಾರ ಅಳೆಯುವ ಯೋಚನೆಯೇ ತಪ್ಪಲ್ಲ. ಯಂತ್ರಕ್ಕಿಂತ ಮೊದಲು ಮನುಷ್ಯರಿಂದಲೇ ಆ ಕೆಲಸ ಮಾಡಿಸಿದವರಿದ್ದಾರೆ. ಕೆನಡಾದ ಮರ್ರೆ ಮನ್ರೊ ಮತ್ತು ಟ್ರೇಸಿ ಡರ್ವಿಂಗ್ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮ್ಯಾಂಡರಿನ್ ತಾಯ್ನುಡಿಯ 10 ಜನರ ಇಂಗ್ಲಿಷ್ ಮಾತನ್ನು 18 ಇಂಗ್ಲಿಷ್ ಭಾಷಿಕರಿಗೆ ಕೇಳಿಸಿ, ಕೇಳಿದ್ದನ್ನು ಬರೆಯಲು ಹೇಳಿದರು. ಜೊತೆಗೆ ಪರಭಾಷೆಯ ಛಾಯೆ ಎಷ್ಟಿದೆಯೆಂದು ಅಂಕವನ್ನೂ ಕೊಡಿಸಿದರು. ಒಂದಕ್ಷರವೂ ತಪ್ಪದಂತೆ ಬರೆದುಕೊಂಡ ಎಷ್ಟೋ ವಾಕ್ಯಗಳಿಗೆ ಅದೇ ಕೇಳುಗರು 'ಛಾಯೆ ಬಹಳ ದಟ್ಟವಾಗಿದೆ' ಎಂದು ಅಂಕ ಕೊಟ್ಟಿದ್ದರು. ಅಂದರೆ ಛಾಯೆ ಬೇರೆ, ಅರ್ಥವಾಗುವುದು ಬೇರೆ. ಭಾಷೆ ಕಲಿಸುವ ಪ್ರತಿಯೊಬ್ಬರೂ ತಿಳಿದಿರಬೇಕಾದ ಸಂಗತಿ ಇದು ಎಂದು ನನಗನ್ನಿಸುತ್ತದೆ. ಕಲಿಯುವವರು ತಮ್ಮ ಊರಿನ ದನಿಯನ್ನು ಅಳಿಸಿಕೊಳ್ಳಬೇಕಿಲ್ಲ, ಎದುರಿನವರಿಗೆ ತಿಳಿದರೆ ಸಾಕು.

ಆ ಕೇಳುಗರ ಜಾಗದಲ್ಲಿ ಯಂತ್ರವನ್ನು ಕೂರಿಸಿದರೆ ಲೆಕ್ಕ ಸರಳ. ಹೇಳಿದ ವಾಕ್ಯವನ್ನೂ ಯಂತ್ರ ಬರೆದ ವಾಕ್ಯವನ್ನೂ ಪಕ್ಕಪಕ್ಕ ಇಟ್ಟು, ಬದಲಾದ, ಬಿಟ್ಟುಹೋದ, ಹೊಸದಾಗಿ ಸೇರಿದ ಪದಗಳನ್ನು ಕೂಡಿಸಿ, ಮೂಲದ ಪದಗಳ ಸಂಖ್ಯೆಯಿಂದ ಭಾಗಿಸಬೇಕು. ಇದಕ್ಕೆ ಪದದೋಷ ಪ್ರಮಾಣ ಎನ್ನಬಹುದು. ಮಾತು ಎಷ್ಟು ತಿಳಿಯಿತೆಂಬುದು ಇದರಿಂದ ಅಂದಾಜಾಗುತ್ತದೆ, ನಾಲಿಗೆ ಎಲ್ಲಿ ತಪ್ಪಿತೆಂಬುದು ಗೊತ್ತಾಗುವುದಿಲ್ಲ.

ಅದಕ್ಕೆ ಬೇರೆ ದಾರಿ ಬೇಕಾಯಿತು. ಕೇಂಬ್ರಿಜ್‌ನಲ್ಲಿ ಸಿಲ್ಕೆ ವಿಟ್ ಮತ್ತು ಸ್ಟೀವ್ ಯಂಗ್ ರೂಪಿಸಿ 2000ದಲ್ಲಿ ಪ್ರಕಟಿಸಿದ ವಿಧಾನದಲ್ಲಿ ಯಂತ್ರ ಪದಗಳನ್ನು ಊಹಿಸಲು ಹೋಗುವುದಿಲ್ಲ. ಓದಬೇಕಾದ ಪಠ್ಯ ಅದಕ್ಕೆ ಮೊದಲೇ ಗೊತ್ತಿರುತ್ತದೆ. ಧ್ವನಿಯನ್ನು ಸದ್ದು ಸದ್ದಾಗಿ ಬಿಡಿಸಿ, 'ಇಲ್ಲಿ ಇರಬೇಕಾದ್ದು ಳ. ಕೇಳಿಸಿದ್ದು ಳ ಇದ್ದ ಹಾಗಿದೆಯೋ, ಬೇರೆ ಯಾವುದಾದರೂ ಸದ್ದಿಗೆ ಇನ್ನೂ ಹತ್ತಿರವಿದೆಯೋ?' ಎಂದು ಹೋಲಿಸಿ ಅಂಕ ಕೊಡುತ್ತದೆ. ಅಂಕ ಗೊತ್ತುಪಡಿಸಿದ ಮಿತಿಗಿಂತ ಕೆಳಗಿಳಿದರೆ ತಪ್ಪೆಂದು ಗುರುತು ಹಾಕುತ್ತದೆ. ಆ ಮಿತಿಯನ್ನು ಎಲ್ಲಿಡಬೇಕೆಂಬುದೇ ಕಷ್ಟದ ಪ್ರಶ್ನೆ. ಸಡಿಲವಾದರೆ ತಪ್ಪುಗಳು ನುಸುಳುತ್ತವೆ. ಬಿಗಿಯಾದರೆ ಸರಿಯಾಗಿ ಹೇಳಿದ್ದಕ್ಕೂ ಕೆಂಪು ಗುರುತು ಬಿದ್ದು ಕಲಿಯುವವರು ಬಾಯಿ ತೆರೆಯಲು ಹಿಂಜರಿಯುತ್ತಾರೆ. ಎರಡರಲ್ಲಿ ಒಂದನ್ನು ಆರಿಸಬೇಕೆಂದರೆ ನಾನು ಸಡಿಲವನ್ನೇ ಆರಿಸುತ್ತೇನೆ.

ಕನ್ನಡದ ಮಟ್ಟಿಗೆ ಒಂದು ಅನುಕೂಲವಿದೆ. ಇಂಗ್ಲಿಷಿನ ಕಾಗುಣಿತದಲ್ಲಿ ಉಚ್ಚಾರದ ಗುರುತು ಅಷ್ಟಕ್ಕಷ್ಟೆ. ನಮ್ಮ ಲಿಪಿಯಲ್ಲಿ ಹೇಳಿದ್ದಕ್ಕೂ ಬರೆದದ್ದಕ್ಕೂ ಅಂತರ ಕಡಿಮೆ. ಹಾಗಾಗಿ ವಾಕ್ಯದ ಆಸರೆ ತೆಗೆದು ಒಂಟಿ ಪದಗಳನ್ನಷ್ಟೇ ಹೇಳಿಸಿದರೆ ಸಾಮಾನ್ಯ ವಾಯ್ಸ್ ಟೈಪಿಂಗ್ ಕೂಡ ತಕ್ಕಮಟ್ಟಿಗೆ ನೆರವಾಗಬಲ್ಲದು. ಬೆಲೆ–ಬೆಳೆ, ಕತೆ–ಕತ್ತೆ, ಮರ–ಮಾರ ಹೀಗೆ ಜೋಡಿಗಳನ್ನು ಕಲೆಸಿ, ಒಂದೊಂದನ್ನೂ ಹಲವು ಸಲ ಹೇಳಿ, ಯಾವ ಜೋಡಿಯಲ್ಲಿ ಫೋನು ಪದೇಪದೇ ಎಡವುತ್ತದೆಂದು ನೋಡಬೇಕು. ಒಂದು ಸಲ ತಪ್ಪಾದರೆ ಅದು ಫೋನಿನದ್ದೇ ಇರಬಹುದು. ಒಂದೇ ಜೋಡಿಯಲ್ಲಿ ಮತ್ತೆಮತ್ತೆ ಆದರೆ ಕನ್ನಡ ಬಲ್ಲ ನೆರೆಯವರಿಗೆ ಹೇಳಿ ತೋರಿಸಬೇಕು.

ಯಂತ್ರದ ಕಿವಿ ಎಲ್ಲರಿಗೂ ಒಂದೇ ಸಮ ಅಲ್ಲ ಎಂಬುದನ್ನೂ ಮರೆಯುವಂತಿಲ್ಲ. 2020ರಲ್ಲಿ ಅಮೆರಿಕದ ಸಂಶೋಧಕರು ಐದು ದೊಡ್ಡ ಕಂಪನಿಗಳ ತಂತ್ರಾಂಶಗಳನ್ನು ಪರೀಕ್ಷಿಸಿದಾಗ, ಸರಾಸರಿ ಪದದೋಷ ಬಿಳಿಯರ ಮಾತಿನಲ್ಲಿ ಶೇ. 19, ಕಪ್ಪುಜನರ ಮಾತಿನಲ್ಲಿ ಶೇ. 35 ಇತ್ತು. ಅವರೆಲ್ಲ ಹುಟ್ಟಿನಿಂದ ಇಂಗ್ಲಿಷ್ ಆಡಿದವರೇ. ಪಳಗಿಸುವಾಗ ಯಾರ ದನಿ ಕಡಿಮೆ ಸೇರಿತ್ತೋ ಅವರ ಮಾತು ಯಂತ್ರಕ್ಕೆ ತಪ್ಪಾಗಿ ಕೇಳಿಸುತ್ತದೆ.

ಇದೇ ಪ್ರಶ್ನೆ ಕನ್ನಡಕ್ಕೂ ಬರುತ್ತದೆ. ಧಾರವಾಡದ ನೆರೆಯವರಿಂದ ಕಲಿತವರು 'ಮನಿ' ಎನ್ನುತ್ತಾರೆ. 'ಹಾಲು' ಎನ್ನಲು 'ಆಲು' ಎನ್ನುವ ಕನ್ನಡಿಗರೂ ಹಲವರಿದ್ದಾರೆ. ಪುಸ್ತಕದ ಕನ್ನಡವೊಂದನ್ನೇ ಅಳತೆಗೋಲಾಗಿಟ್ಟ ಯಂತ್ರ ಇವರೆಲ್ಲರಿಗೂ ಸೊನ್ನೆ ಕೊಟ್ಟೀತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೆಸ್ಪಿನ್ ಯೋಜನೆಯಲ್ಲಿ ಕನ್ನಡವೂ ಸೇರಿ ಒಂಬತ್ತು ಭಾಷೆಗಳ ಒಳನುಡಿಗಳ ಧ್ವನಿಯನ್ನು ಸಂಗ್ರಹಿಸಿದೆ. ಅದರ ಜೊತೆಗೆ, ಕನ್ನಡವನ್ನು ಹೊಸದಾಗಿ ಕಲಿಯುತ್ತಿರುವ ತಮಿಳರ, ಬಿಹಾರಿಗಳ, ಮಲಯಾಳಿಗಳ ದನಿಯೂ ದೊಡ್ಡ ಪ್ರಮಾಣದಲ್ಲಿ ಸೇರಬೇಕು. ಯಾವುದು ತಪ್ಪು, ಯಾವುದು ಬರೀ ಛಾಯೆ ಎಂದು ಅನುಭವಿ ಶಿಕ್ಷಕರು ಪ್ರತಿ ಸದ್ದಿಗೂ ಗುರುತು ಹಾಕಿಕೊಡಬೇಕು.