ಆಂಟಿನೋರಿ ಮನೆತನ: 26 ತಲೆಮಾರುಗಳ ವೈನ್ ಉದ್ಯಮ ಮತ್ತು ಉತ್ತರಾಧಿಕಾರದ ಪ್ರಶ್ನೆ

ಕೌಟುಂಬಿಕ ಉದ್ಯಮಗಳ ಇತಿಹಾಸವನ್ನು ಅವಲೋಕಿಸಿದರೆ, ಲಾಭದಲ್ಲಿ ನಡೆಯುತ್ತಿದ್ದ ಅನೇಕ ಸಂಸ್ಥೆಗಳು ಪಾಲು ವಿಭಜನೆಯ ಕಾರಣದಿಂದಲೇ ಕುಟುಂಬದ ಕೈತಪ್ಪಿರುವುದು ಕಂಡುಬರುತ್ತದೆ. ಈ ದೃಷ್ಟಿಯಿಂದ, ಇಟಲಿಯ ಫ್ಲಾರೆನ್ಸ್ ನಗರದ ಆಂಟಿನೋರಿ ಮನೆತನವು 600 ವರ್ಷಗಳಿಗೂ ಮಿಗಿಲಾಗಿ ವೈನ್ ಉದ್ಯಮವನ್ನು ತನ್ನಲ್ಲಿಯೇ ಉಳಿಸಿಕೊಂಡು ಬಂದಿರುವುದು ಅಧ್ಯಯನಯೋಗ್ಯವಾದ ವಿಷಯವಾಗಿದೆ.

ಮನೆತನದ ಹಿನ್ನೆಲೆ

ಈ ಮನೆತನದ ಜೊವಾನ್ನಿ ದಿ ಪಿಯೆರೊ ಆಂಟಿನೋರಿ 1385ರಲ್ಲಿ ಫ್ಲಾರೆನ್ಸಿನ ವೈನ್ ವರ್ತಕರ ಸಂಘದ ಸದಸ್ಯತ್ವ ಪಡೆದನು. ಕುಟುಂಬದ ವೈನ್ ವ್ಯವಹಾರದ ಲೆಕ್ಕವನ್ನು ಅಂದಿನಿಂದಲೇ ಹಿಡಿಯುವುದು ವಾಡಿಕೆ. 1506ರಲ್ಲಿ ನಗರಮಧ್ಯದಲ್ಲಿ ಖರೀದಿಸಿದ ಮಹಲು ಇಂದಿಗೂ ಮನೆತನದ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಲೊಡೊವಿಕೊ ಮತ್ತು ಪಿಯೆರೊ ಎಂಬ ಸಹೋದರರು 1898ರಲ್ಲಿ ವ್ಯವಹಾರಕ್ಕೆ ಆಧುನಿಕ ಸಂಸ್ಥೆಯ ಸ್ವರೂಪ ನೀಡಿದರು. ಅದುವರೆಗೆ ವೈನ್ ಎಂಬುದು ಮನೆತನದ ಹಲವು ಆದಾಯಗಳಲ್ಲಿ ಒಂದಾಗಿತ್ತು. ಅನಂತರ ಅದೇ ಮುಖ್ಯ ಉದ್ಯಮವಾಯಿತು.

ದ್ರಾಕ್ಷಿ ತೋಟದ ಬಂಡವಾಳ ಸ್ವರೂಪ

ವೈನ್ ಉದ್ಯಮದ ಲೆಕ್ಕಾಚಾರವು ಇತರ ಉದ್ಯಮಗಳಿಗಿಂತ ಭಿನ್ನವಾದುದು. ಬಳ್ಳಿ ನೆಟ್ಟ ಮೇಲೆ ಉಪಯುಕ್ತ ಫಸಲಿಗೆ ಸುಮಾರು ಮೂರು ವರ್ಷ ಕಾಯಬೇಕು. ಉತ್ತಮ ಗುಣಮಟ್ಟಕ್ಕೆ ಇನ್ನೂ ಹೆಚ್ಚು ಕಾಲ ಬೇಕಾಗುತ್ತದೆ. ಆ ಮೇಲೆ ವೈನ್ ಮರದ ಪೀಪಾಯಿಯಲ್ಲಿಯೂ ಸೀಸೆಯಲ್ಲಿಯೂ ಹದಗೊಳ್ಳಬೇಕು. ಹೀಗೆ ಭೂಮಿ, ಬಳ್ಳಿ ಹಾಗೂ ದಾಸ್ತಾನಿನಲ್ಲಿ ಬಂಡವಾಳವು ದೀರ್ಘಕಾಲ ಬಂಧಿತವಾಗಿರುತ್ತದೆ. ಆಸ್ತಿಯ ಮೌಲ್ಯ ದೊಡ್ಡದು, ಕೈಗೆ ಬರುವ ನಗದು ಚಿಕ್ಕದು. ವಾರಸುದಾರರಲ್ಲಿ ಒಬ್ಬರು ತಮ್ಮ ಪಾಲನ್ನು ಹಣದ ರೂಪದಲ್ಲಿ ಕೇಳಿದರೆ, ಉಳಿದವರು ಸಾಲ ಮಾಡಬೇಕು ಇಲ್ಲವೇ ತೋಟವನ್ನು ಮಾರಬೇಕು. ಫ್ರಾನ್ಸಿನ ಬರ್ಗಂಡಿ ಪ್ರಾಂತ್ಯದ ಕ್ಲೋ ದ ವೂಜೊ ಎಂಬ ಪ್ರಸಿದ್ಧ ತೋಟವು ಇದಕ್ಕೆ ನಿದರ್ಶನ. ಸುಮಾರು 50 ಹೆಕ್ಟೇರಿನ ಈ ತೋಟವು ಮಾರಾಟ ಮತ್ತು ವಾರಸಾ ಹಂಚಿಕೆಗಳ ಪರಿಣಾಮವಾಗಿ ಇಂದು 80ರಷ್ಟು ಮಾಲೀಕರ ನಡುವೆ ಹರಿದುಹೋಗಿದೆ.

ಪಿಯೆರೊ ಆಂಟಿನೋರಿ ಅವರ ಕಾಲ

1938ರಲ್ಲಿ ಜನಿಸಿದ ಪಿಯೆರೊ ಆಂಟಿನೋರಿ 1966ರಲ್ಲಿ ತಂದೆ ನಿಕೊಲೊ ಅವರಿಂದ ಆಡಳಿತ ವಹಿಸಿಕೊಂಡರು. ಆ ಸಮಯದಲ್ಲಿ ಟಸ್ಕನಿಯ ಪ್ರಸಿದ್ಧ ಕಿಯಾಂಟಿ ವೈನ್ ತನ್ನ ಗೌರವವನ್ನು ಕಳೆದುಕೊಳ್ಳುತ್ತಿತ್ತು. 1967ರ ನಿಯಮಾವಳಿಯು ಈ ಕೆಂಪು ವೈನಿನಲ್ಲಿ ಕನಿಷ್ಠ ಶೇ. 10ರಷ್ಟು ಬಿಳಿ ದ್ರಾಕ್ಷಿ ಸೇರಿಸುವುದನ್ನು ಕಡ್ಡಾಯಗೊಳಿಸಿತ್ತು. ಪಿಯೆರೊ ಅವರು ವೈನ್ ತಜ್ಞ ಜಾಕೊಮೊ ತಾಕಿಸ್ ಅವರ ನೆರವಿನಿಂದ ಈ ನಿಯಮವನ್ನು ಬಿಟ್ಟು, 1971ರ ಫಸಲಿನ ವೈನನ್ನು ತೋಟದ ಹೆಸರಾದ ‘ತಿನ್ಯಾನೆಲ್ಲೊ’ ಎಂಬುದರಿಂದಲೇ ಹೊರತಂದರು. ಇದರಿಂದ ಕಿಯಾಂಟಿ ಎಂಬ ಹೆಸರನ್ನು ಬಳಸುವ ಹಕ್ಕು ಇಲ್ಲವಾಯಿತು; ಅತಿ ಕೆಳದರ್ಜೆಯದಾದ ‘ಊಟದ ವೈನ್’ ಎಂಬ ವರ್ಗದಲ್ಲಿ ಅದನ್ನು ಮಾರಬೇಕಾಯಿತು. 1975ರಿಂದ ಬಿಳಿ ದ್ರಾಕ್ಷಿಯನ್ನು ಪೂರ್ಣವಾಗಿ ಕೈಬಿಡಲಾಯಿತು. ಕೆಳದರ್ಜೆಯ ಹಣೆಪಟ್ಟಿ ಹೊತ್ತ ಈ ವೈನ್ ಮಾರುಕಟ್ಟೆಯಲ್ಲಿ ಉನ್ನತ ಬೆಲೆ ಗಳಿಸಿತು. ಕಾಲಕ್ರಮದಲ್ಲಿ ನಿಯಮವೇ ಬದಲಾಗಿ, ಕಿಯಾಂಟಿ ಕ್ಲಾಸಿಕೊ ವೈನಿನಲ್ಲಿ 2006ರ ಫಸಲಿನಿಂದ ಬಿಳಿ ದ್ರಾಕ್ಷಿಯನ್ನು ನಿಷೇಧಿಸಲಾಯಿತು.

ಪಾಲು ಕೈತಪ್ಪಿದ ಸಂದರ್ಭ

ಉತ್ಪನ್ನವು ಯಶಸ್ವಿಯಾದ ಮಾತ್ರಕ್ಕೆ ಒಡೆತನವು ಸುಭದ್ರವಾಗಲಿಲ್ಲ. 1980ರ ದಶಕದಲ್ಲಿ ಪಿಯೆರೊ ಅವರ ಒಡಹುಟ್ಟಿದವರು ತಮ್ಮ ಪಾಲನ್ನು ಬಿಟ್ಟುಕೊಡಲು ಬಯಸಿದಾಗ, ಬ್ರಿಟನ್ನಿನ ವಿಟ್‌ಬ್ರೆಡ್ ಎಂಬ ಬಿಯರ್ ಕಂಪನಿಯು ಸಂಸ್ಥೆಯಲ್ಲಿ ಪಾಲುದಾರನಾಗಿ ಪ್ರವೇಶಿಸಿತು. ವಾರ್ಷಿಕ ಲಾಭಾಂಶವನ್ನು ಎದುರುನೋಡುವ ಕಂಪನಿಗೂ ತಲೆಮಾರುಗಳ ಲೆಕ್ಕದಲ್ಲಿ ಯೋಚಿಸುವ ಕುಟುಂಬಕ್ಕೂ ದೃಷ್ಟಿಭೇದ ಸಹಜವೇ ಆಗಿದೆ. 1991ರಲ್ಲಿ ಪಿಯೆರೊ ಆ ಪಾಲನ್ನು ಮರಳಿ ಖರೀದಿಸಿ ಸಂಸ್ಥೆಯನ್ನು ಪುನಃ ಕುಟುಂಬದ ಪೂರ್ಣ ಸ್ವಾಮ್ಯಕ್ಕೆ ತಂದರು.

ಇದೇ ಮನೆತನದ ಇನ್ನೊಂದು ಉದಾಹರಣೆಯು ವಿರುದ್ಧ ದಿಕ್ಕಿನದು. ಪಿಯೆರೊ ಅವರ ಸೋದರ ಲೊಡೊವಿಕೊ 1981ರಲ್ಲಿ ಸ್ಥಾಪಿಸಿದ ‘ಒರ್ನೆಲ್ಲಾಯಾ’ ವೈನರಿಯು ಜಗತ್ಪ್ರಸಿದ್ಧವಾಯಿತಾದರೂ, 2002ರಲ್ಲಿ ಅಮೆರಿಕದ ಮೊಂಡಾವಿ ಕಂಪನಿಯ ವಶವಾಯಿತು. 2005ರಲ್ಲಿ ಫ್ಲಾರೆನ್ಸಿನ ಮತ್ತೊಂದು ಪ್ರಾಚೀನ ಮನೆತನವಾದ ಫ್ರೆಸ್ಕೊಬಾಲ್ಡಿಯವರ ಪೂರ್ಣ ಸ್ವಾಮ್ಯಕ್ಕೆ ಸೇರಿತು. ಸ್ವತಃ ಕೌಟುಂಬಿಕ ಸಂಸ್ಥೆಯಾಗಿದ್ದ ಮೊಂಡಾವಿಯೂ 1993ರಲ್ಲಿ ಷೇರುಪೇಟೆಗೆ ಇಳಿದು, 2004ರಲ್ಲಿ ಕಾನ್‌ಸ್ಟಲೇಶನ್ ಎಂಬ ಬೃಹತ್ ಕಂಪನಿಗೆ ಮಾರಾಟವಾಯಿತು.

ಮೂವರು ಪುತ್ರಿಯರು ಮತ್ತು ನ್ಯಾಸ

ಪಿಯೆರೊ ಅವರಿಗೆ ಗಂಡು ಸಂತಾನವಿಲ್ಲ. ಅಲ್ಬಿಯೆರಾ, ಅಲ್ಲೆಗ್ರಾ ಮತ್ತು ಅಲೆಸ್ಸಿಯಾ ಎಂಬ ಮೂವರು ಪುತ್ರಿಯರೂ ಉದ್ಯಮದಲ್ಲಿ ತೊಡಗಿಸಿಕೊಂಡರು. ತಂದೆಯ ಅನಂತರ ಹಿರಿಯ ಮಗಳು ಅಲ್ಬಿಯೆರಾ ಅಧ್ಯಕ್ಷ ಸ್ಥಾನವನ್ನು ವಹಿಸಿಕೊಂಡರು. ದೈನಂದಿನ ಆಡಳಿತವನ್ನು ಕುಟುಂಬದ ಹೊರಗಿನವರಾದ ವೈನ್ ತಜ್ಞ ರೆಂಝೊ ಕೊತಾರೆಲ್ಲಾ ಅವರು ಹಲವು ವರ್ಷ ಮುಖ್ಯ ಕಾರ್ಯನಿರ್ವಾಹಕರಾಗಿ ನಿರ್ವಹಿಸಿದುದು ಗಮನಾರ್ಹ.

ಇಟಲಿಯ ಕಾನೂನಿನನ್ವಯ ಮಕ್ಕಳಿಗೆ ಆಸ್ತಿಯಲ್ಲಿ ಕಡ್ಡಾಯ ಪಾಲಿದ್ದು, ಉಯಿಲಿನ ಮೂಲಕ ಅದನ್ನು ತಪ್ಪಿಸಲಾಗದು. ಹೀಗಾಗಿ ಮುಂದಿನ ತಲೆಮಾರಿನಲ್ಲಿ ಪಾಲು ಇನ್ನಷ್ಟು ಚೂರಾಗುವ ಸಂಭವವಿತ್ತು. ಇದನ್ನು ಮನಗಂಡು 2012ರಲ್ಲಿ ಸಂಸ್ಥೆಯ ಒಡೆತನವನ್ನು 90 ವರ್ಷಗಳ ಅವಧಿಯ ನ್ಯಾಸಕ್ಕೆ ಒಪ್ಪಿಸಲಾಯಿತು. ಇಟಲಿಗೆ ತನ್ನದೇ ಆದ ಟ್ರಸ್ಟ್ ಕಾಯಿದೆ ಇಲ್ಲವಾದರೂ, 1985ರ ಹೇಗ್ ಒಪ್ಪಂದದ ಮೂಲಕ ವಿದೇಶೀ ಕಾನೂನಿನ ಟ್ರಸ್ಟುಗಳಿಗೆ ಅಲ್ಲಿ 1992ರಿಂದ ಮಾನ್ಯತೆ ಇದೆ.

ನಮ್ಮ ಉದ್ಯಮಿಗಳಿಗೆ

ಇದೇ ಕ್ರಮವನ್ನು ಭಾರತದಲ್ಲಿ ಯಥಾವತ್ತಾಗಿ ಅನುಸರಿಸುವುದು ಸಾಧ್ಯವಾಗದು. ಸ್ವತ್ತು ಹಸ್ತಾಂತರ ಅಧಿನಿಯಮದ 14ನೇ ಪ್ರಕರಣವು, ಜೀವಂತ ವ್ಯಕ್ತಿಗಳ ಆಯುಷ್ಯ ಮತ್ತು ಅವರ ಅನಂತರದ ಹಕ್ಕುದಾರನ ಅಪ್ರಾಪ್ತ ವಯಸ್ಸಿನ ಅವಧಿಯನ್ನು ಮೀರಿ ಸ್ವತ್ತಿನ ಹಕ್ಕನ್ನು ಮುಂದೂಡಲು ಅವಕಾಶ ನೀಡುವುದಿಲ್ಲ. ಇನ್ನೊಂದೆಡೆ, ಹಿಂದೂ ಉತ್ತರಾಧಿಕಾರ ಕಾಯಿದೆಗೆ 2005ರಲ್ಲಿ ತಂದ ತಿದ್ದುಪಡಿಯಿಂದ ಹೆಣ್ಣುಮಕ್ಕಳೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಜನ್ಮಸಿದ್ಧ ಸಮಪಾಲು ಪಡೆದಿರುತ್ತಾರೆ. ಆದುದರಿಂದ ಸದಸ್ಯರು ಈ ಕೆಳಕಂಡ ಅಂಶಗಳನ್ನು ಕಾಲವಿರುವಾಗಲೇ ಇತ್ಯರ್ಥಪಡಿಸಿಕೊಳ್ಳುವುದು ಒಳಿತು.

1. ಪಾಲು ಬಿಡಲಿಚ್ಛಿಸುವ ಸದಸ್ಯನಿಗೆ ಮೌಲ್ಯವನ್ನು ನಿರ್ಧರಿಸುವ ವಿಧಾನ ಮತ್ತು ಪಾವತಿಯ ಅವಧಿ.

2. ಮಾರಾಟದ ಸಂದರ್ಭದಲ್ಲಿ ಉಳಿದ ಸದಸ್ಯರಿಗೆ ಮೊದಲ ಖರೀದಿಯ ಹಕ್ಕು.

3. ಒಡೆತನ ಮತ್ತು ಆಡಳಿತಗಳ ಪ್ರತ್ಯೇಕತೆ. ಹೊರಗಿನ ಸಮರ್ಥರ ನೇಮಕ.

4. ಪುತ್ರಿಯರನ್ನು ಪಾಲುದಾರರೆಂದು ಮಾತ್ರವಲ್ಲದೆ ಉದ್ಯಮದ ಹೊಣೆಗಾರರೆಂದೂ ಸಿದ್ಧಗೊಳಿಸುವುದು.

ಆಂಟಿನೋರಿ ಮನೆತನವು 1991ರಲ್ಲಿ ಹಣ ತೆತ್ತು ಪಡೆದುದನ್ನು 2012ರಲ್ಲಿ ದಸ್ತಾವೇಜಿನ ಮೂಲಕ ಭದ್ರಪಡಿಸಿಕೊಂಡಿತು. ಈ ಎರಡರಲ್ಲಿ ಎರಡನೆಯದೇ ಅಗ್ಗದ ದಾರಿ ಎಂಬುದನ್ನು ಯಾವ ಲೆಕ್ಕಪತ್ರವೂ ತೋರಿಸಬಲ್ಲದು.