ಉಸಿರಿನ ಅಳತೆ

ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ ಬೆಳಗಿನ ಹೊತ್ತು ಮೇಲಿಂದ ಮೇಲೆ ಸೀನುವವರನ್ನು ಕಂಡು ಕಾರಣ ಕೇಳಿದರೆ, 'ಬೆಂಗಳೂರಿನ ಥಂಡಿ' ಎನ್ನುತ್ತಾರೆ. ಕೆಲವರು ಸಂಪಿಗೆಯನ್ನೇ ದೂರುತ್ತಾರೆ. 1898ರ ಪ್ಲೇಗಿನ ಬಳಿಕ ಪೇಟೆಯ ಇಕ್ಕಟ್ಟಿನಿಂದ ಹೊರಬಂದವರು ಒಳ್ಳೆಯ ಗಾಳಿಯನ್ನು ಅರಸಿ ನೆಲೆಸಿದ ಬಡಾವಣೆಯಿದು. ಆ ಗಾಳಿಯೇ ಈಗ ಏಕೆ ಒಗ್ಗದೆಂದು ಊಹಿಸುವುದಕ್ಕಿಂತ ಪರೀಕ್ಷಿಸಿ ತಿಳಿಯುವುದು ಲೇಸು.

ಸಂಪಿಗೆಯ ಪರಾಗವನ್ನು ಹೊರುವವು ಕೀಟಗಳು. ಅಲರ್ಜಿಗೆ ಬಹುಮಟ್ಟಿಗೆ ಕಾರಣವಾಗುವವು ಗಾಳಿಯಲ್ಲಿ ತೇಲುವ ಹುಲ್ಲಿನ ಪರಾಗ, ಖಾಲಿ ನಿವೇಶನಗಳ ಪಾರ್ಥೇನಿಯಂ, ಹಾಸಿಗೆಯ ಧೂಳಿನಲ್ಲಿರುವ ನುಸಿ. ಇವುಗಳಲ್ಲಿ ಯಾವುದೆಂದು ತಿಳಿಯಲು ಚರ್ಮಪರೀಕ್ಷೆ ಉಂಟು. ಮುಂಗೈಯ ಮೇಲೆ ಒಂದೊಂದರ ಸಾರದ ಹನಿಯಿಟ್ಟು, ಮೊನೆಯಿಂದ ಮೆಲ್ಲನೆ ಚುಚ್ಚುತ್ತಾರೆ. ಹೋಲಿಕೆಗೆ ಹಿಸ್ಟಮಿನ್ ಹನಿಯೊಂದು, ಲವಣಜಲದ ಹನಿಯೊಂದು. 15ರಿಂದ 20 ನಿಮಿಷಗಳ ಬಳಿಕ ಲವಣಜಲದ ಗುರುತಿಗಿಂತ 3 ಮಿಲಿಮೀಟರಿನಷ್ಟಾದರೂ ದೊಡ್ಡ ದದ್ದು ಎದ್ದಿದ್ದರೆ ದೇಹ ಆ ವಸ್ತುವಿಗೆ ಸ್ಪಂದಿಸಿದೆ ಎಂದರ್ಥ. ನೆಗಡಿಗೆ ನುಂಗುವ ಆಂಟಿಹಿಸ್ಟಮಿನ್ ಗುಳಿಗೆಗಳು ಈ ದದ್ದನ್ನು ಅಡಗಿಸುವುದರಿಂದ, ವೈದ್ಯರನ್ನು ಕೇಳಿ ಸುಮಾರು ಒಂದು ವಾರ ಮೊದಲೇ ಅವನ್ನು ನಿಲ್ಲಿಸಬೇಕು.

ಶ್ವಾಸಕೋಶದ ಪರೀಕ್ಷೆಗೆ ಸೂಜಿಯೇ ಬೇಡ. 1846ರಲ್ಲಿ ಲಂಡನ್ನಿನ ವೈದ್ಯ ಜಾನ್ ಹಚಿನ್‌ಸನ್ ಪ್ರಕಟಿಸಿದ ಸ್ಪೈರೋಮೀಟರೇ ಇಂದಿನ ಯಂತ್ರದ ಪೂರ್ವಜ. ಮೂಗಿಗೆ ಕ್ಲಿಪ್ಪು ಹಾಕಿ, ಎದೆತುಂಬ ಉಸಿರೆಳೆದು, ಕೊಳವೆಯೊಳಗೆ ರಭಸದಿಂದ, ಉಸಿರು ಬರಿದಾಗುವವರೆಗೆ ಊದಬೇಕು. ಕನಿಷ್ಠ ಮೂರು ಸಲ. ಆರೋಗ್ಯವಂತ ವಯಸ್ಕರಲ್ಲಿ ಸಾಮಾನ್ಯವಾಗಿ ನೂರಕ್ಕೆ 70ಕ್ಕಿಂತ ಹೆಚ್ಚು ಪಾಲು ಮೊದಲ ಸೆಕೆಂಡಿನಲ್ಲೇ ಹೊರಬರುತ್ತದೆ. ಶ್ವಾಸನಾಳ ಬಿಗಿದಿದ್ದರೆ ಆ ಪಾಲು ಕುಗ್ಗುತ್ತದೆ. ಬಳಿಕ ಸಾಲ್ಬುಟಮಾಲ್ ಮದ್ದನ್ನು ಸೇದಿಸಿ, ಸುಮಾರು ಕಾಲು ಗಂಟೆ ಕಳೆದು ಮತ್ತೆ ಊದಿಸುತ್ತಾರೆ. ಅಳತೆ ಗಣನೀಯವಾಗಿ ಏರಿದರೆ ಆಸ್ತಮಾದ ಶಂಕೆ ಬಲವಾಗುತ್ತದೆ.

ಒಂದು ಎಚ್ಚರಿಕೆ. ದದ್ದು ಎದ್ದ ಮಾತ್ರಕ್ಕೆ ಅದೇ ನಿಮ್ಮ ಕಾಯಿಲೆಯ ಮೂಲವೆಂದಲ್ಲ. ಒಳ್ಳೆಯ ದಿನವೊಂದರಲ್ಲಿ ಚೆನ್ನಾಗಿ ಊದಿದ ಮಾತ್ರಕ್ಕೆ ಆಸ್ತಮಾ ಇಲ್ಲವೆಂದೂ ಅಲ್ಲ. ಉಬ್ಬಸ ರಾತ್ರಿ ಬರುವುದೋ, ಮನೆ ಗುಡಿಸುವಾಗ ಬರುವುದೋ ಎಂಬ ನಿಮ್ಮ ಮಾತು ವೈದ್ಯರಿಗೆ ಯಂತ್ರದ ಅಂಕಿಗಳಷ್ಟೇ ಮುಖ್ಯ.

ಆದರೆ ಆ ಮಾತನ್ನೇ ನಾವು ಮುಚ್ಚಿಡುತ್ತೇವೆ. ಮದುವೆಗೆ ಬಂದ ಮಗಳಿರುವ ಎಷ್ಟೋ ಮನೆಗಳಲ್ಲಿ 'ಆಸ್ತಮಾ' ಎಂಬ ಶಬ್ದ ಹೊಸ್ತಿಲು ದಾಟುವುದಿಲ್ಲ. ಹುಡುಗಿ ಸೆರಗಿನಲ್ಲಿ ಕೆಮ್ಮನ್ನು ಅಡಗಿಸಿಕೊಂಡು ವರ್ಷಗಳನ್ನು ಕಳೆಯುತ್ತಾಳೆ. ಸರಿಯಾದ ಮದ್ದಿನಿಂದ ಆಸ್ತಮಾ ಬಹುತೇಕರಲ್ಲಿ ಹತೋಟಿಗೆ ಬರುತ್ತದೆ. ಬಚ್ಚಿಟ್ಟ ಆಸ್ತಮಾ ಮಾತ್ರ ಒಂದು ರಾತ್ರಿ ಪ್ರಾಣಕ್ಕೇ ಎರವಾಗಬಹುದು. ಒಂದು ಬೆಳಗಿನ ಬಿಡುವು ಮಾಡಿಕೊಂಡು ಅವಳನ್ನು ಪರೀಕ್ಷೆಗೆ ಕರೆದೊಯ್ಯಿರಿ.